ಪಕ್ಕದ ಮನೆಗೆ 25 ಪೌಂಡ್ ಬಂತು, ದೊಡ್ಡಮ್ಮನಿಗೆ ಯಾಕೆ ಬರಲಿಲ್ಲ? (ಇಂಗ್ಲೆಂಡಿನ ಚಳಿ ನೆರವು)

ಎರಡು ಸ್ವೆಟರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿಂದಿನ ಕತೆ ಸ್ವಲ್ಪ ಉದ್ದ. ಓದಿ ದಾರಿ ಹೇಳಿ.

ನಮ್ಮ ದೊಡ್ಡಮ್ಮನಿಗೆ 81 ವರ್ಷ. ಮೂಲ ದಾವಣಗೆರೆ ಕಡೆಯವರು. ಮದುವೆಯಾಗಿ ದೊಡ್ಡಪ್ಪನ ಜೊತೆ ಇಲ್ಲಿಗೆ ಬಂದು ಐವತ್ತು ವರ್ಷದ ಮೇಲಾಯಿತು. ಇಬ್ಬರೂ ಸೇರಿ ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ದೊಡ್ಡಪ್ಪ ಹೋದ ಮೇಲೆ ಅವರು ಕಂಬ್ರಿಯಾದ ಒಂದು ಚಿಕ್ಕ ಊರಲ್ಲಿ ಒಬ್ಬರೇ ಇದ್ದಾರೆ. ನಾನಿರುವುದು ರೆಡಿಂಗ್‌ನಲ್ಲಿ. ನಮ್ಮ ಮನೆಗೆ ಬನ್ನಿ ಅಂದರೆ ಬರುವುದಿಲ್ಲ.

ಕಳೆದ ವಾರ ವಿಡಿಯೋ ಕಾಲ್ ಮಾಡಿದಾಗ ಅವರು ಅಡುಗೆಮನೆಯಲ್ಲಿದ್ದರು. ಮಾತಾಡುವಾಗ ಬಾಯಿಂದ ಹೊಗೆ ಬರುತ್ತಿತ್ತು. ಮನೆಯೊಳಗೆ! ಹೀಟಿಂಗ್ ಹಾಕಿಲ್ಲವಾ ಅಂದೆ. "ರಾತ್ರಿ ಒಂದು ಗಂಟೆ ಹಾಕ್ತೀನಿ ಕಣೇ, ಅಷ್ಟೇನೂ ಚಳಿಯಿಲ್ಲ" ಅಂದರು. ಮೈಮೇಲೆ ಎರಡು ಶಾಲು, ಮಡಿಲಲ್ಲಿ ಬಿಸಿನೀರಿನ ಚೀಲ. ಹಿಂದಿನ ಕಿಟಕಿಯ ಗಾಜಿಗೆ ಒಳಗಿನಿಂದಲೇ ಮಂಜು ಕಟ್ಟಿತ್ತು.

ಪಕ್ಕದ ಮನೆಯ ಅಜ್ಜಿಗೆ ಚಳಿಗೆ ಅಂತ ಸರ್ಕಾರದಿಂದ 25 ಪೌಂಡ್ ಬಂತಂತೆ. ದೊಡ್ಡಮ್ಮನಿಗೆ ಬಂದಿಲ್ಲ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಂದು ಕಡೆ ಚಳಿ, ಇನ್ನೊಂದು ಕಡೆ ಚಳಿ ಇಲ್ಲವಾ? ಇದಕ್ಕೆ ಅರ್ಜಿ ಎಲ್ಲಿ ಹಾಕಬೇಕು?

ಹಳೇ ಗುಮಾಸ್ತ

ಅರ್ಜಿಯೇ ಇಲ್ಲಮ್ಮ. ಎಲ್ಲರೂ ಎಡವುವುದು ಅಲ್ಲೇ.

ನೀವು ಹೇಳುತ್ತಿರುವುದು ಕೋಲ್ಡ್ ವೆದರ್ ಪೇಮೆಂಟ್. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತದೆ. ನಿಮ್ಮ ಪೋಸ್ಟ್‌ಕೋಡ್‌ಗೆ ಒಂದು ಹವಾಮಾನ ಕೇಂದ್ರ ಗಂಟು ಹಾಕಿರುತ್ತಾರೆ. ಅಲ್ಲಿ ಸತತ ಏಳು ದಿನದ ಸರಾಸರಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಹಾಗೆ ಬರುತ್ತದೆ ಅಂತ ಮುನ್ಸೂಚನೆ ಇದ್ದರೆ, 25 ಪೌಂಡ್. ಮತ್ತೆ ಏಳು ದಿನ ಹಾಗಾದರೆ ಮತ್ತೆ 25. ಹದಿನಾಲ್ಕು ಕೆಲಸದ ದಿನದೊಳಗೆ ತಾನಾಗಿಯೇ ಖಾತೆಗೆ ಬಂದು ಬೀಳುತ್ತದೆ.

ಆದರೆ ಚಳಿಯೊಂದೇ ಸಾಲದು. ಮೊದಲೇ ಬೇರೊಂದು ನೆರವು ಬರುತ್ತಿರಬೇಕು. ವಯಸ್ಸಾದವರಿಗೆ ಅದು ಪೆನ್ಷನ್ ಕ್ರೆಡಿಟ್, ಅಂದರೆ ಆದಾಯ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ವಾರವಾರ ತುಂಬಿಕೊಡುವ ದುಡ್ಡು. ಪಕ್ಕದ ಮನೆಯವರಿಗೆ ಅದು ಇರಬೇಕು, ನಿಮ್ಮ ದೊಡ್ಡಮ್ಮನಿಗೆ ಇಲ್ಲ. ವ್ಯತ್ಯಾಸ ಗೋಡೆಯದಲ್ಲ, ಕಾಗದದ್ದು.

ಅವರಿಗೆ ವಾರಕ್ಕೆ ಪೆನ್ಷನ್ ಎಷ್ಟು ಬರುತ್ತದೆ? ಬ್ಯಾಂಕಿನಲ್ಲಿ ಎಷ್ಟಿದೆ? ಇಲ್ಲಿ ಬರೆಯಲು ಸಂಕೋಚ ಅನಿಸಿದರೆ ಸುಮಾರು ಅಂಕಿ ಸಾಕು.

ಬೀದರ್ ಹುಡುಗ

ಬೀದರ್‌ನಲ್ಲಿ 8 ಡಿಗ್ರಿ ಆದರೆ ನಾವು ಶಾಲೆಗೆ ರಜೆ ಕೊಡಿ ಅಂತೀವಿ. ಸೊನ್ನೆ ಆಗೋವರೆಗೂ ಅದನ್ನ ಚಳಿ ಅಂತಾನೇ ಅನ್ನಲ್ವಾ ಇವರು?

ರಾತ್ರಿ ಪಾಳಿ

ಬೀದರ್ ಅಣ್ಣ, ಇಲ್ಲಿ 8 ಡಿಗ್ರಿ ಆದರೆ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಾರೆ 😄

ತಮಾಷೆ ಬಿಡಿ. ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. 65 ದಾಟಿದವರ ಮನೆ ಕನಿಷ್ಠ 18 ಡಿಗ್ರಿ ಇರಬೇಕು ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಮನೆಯೊಳಗೆ ಬಾಯಿಂದ ಹೊಗೆ ಬರುತ್ತಿದೆ ಅಂದರೆ ಆ ಅಡುಗೆಮನೆ ಎಷ್ಟು ತಣ್ಣಗಿರಬೇಕು ಯೋಚಿಸಿ. ಚಳಿಯಲ್ಲಿ ರಕ್ತ ಮಂದವಾಗುತ್ತದೆ, ಬಿಪಿ ಏರುತ್ತದೆ. ಚಳಿಗಾಲದಲ್ಲಿ ನಮ್ಮ ವಾರ್ಡಿಗೆ ಬರುವ ಅಜ್ಜ ಅಜ್ಜಿಯರಲ್ಲಿ ಹೃದಯ, ಎದೆ, ಲಕ್ವದ ಕೇಸು ಜಾಸ್ತಿ. 25 ಪೌಂಡಿನ ಲೆಕ್ಕ ಆಮೇಲೆ ಮಾಡೋಣ. ಮೊದಲು ಅವರು ಕೂರುವ ಕೋಣೆ, ಮಲಗುವ ಕೋಣೆ ಎರಡನ್ನಾದರೂ ಬೆಚ್ಚಗಿಡಲು ಹೇಳಿ. ಬಾಗಿಲ ಸಂದಿಗೆ ಹಳೇ ಸೀರೆ ಸುತ್ತಿ ಇಡಲಿ. ನಮ್ಮಮ್ಮ ಮಾಡುವುದು ಅದನ್ನೇ.

ಎರಡು ಸ್ವೆಟರ್

ಥ್ಯಾಂಕ್ಸ್. ಗುಮಾಸ್ತ ಸರ್, ಅವರಿಗೆ ವಾರಕ್ಕೆ 168 ಪೌಂಡ್ ಬರುತ್ತೆ. ಬೇರೆ ಆದಾಯ ಇಲ್ಲ. ಬ್ಯಾಂಕಿನಲ್ಲಿ 13,000 ಇದೆ. ಅದನ್ನು ಮುಟ್ಟೋದೇ ಇಲ್ಲ. "ಅದು ನನ್ನ ಮಣ್ಣಿನ ಖರ್ಚಿಗೆ" ಅಂತಾರೆ. ಈ ವರ್ಷ 300 ಪೌಂಡ್ ಚಳಿಗಾಲದ ದುಡ್ಡು ಬಂದಿದೆಯಂತೆ, ಕಳೆದ ವರ್ಷ ಬಂದಿರಲಿಲ್ಲ. ಅದೇ ಇದು ಅಂದುಕೊಂಡಿದ್ದೆ.

ಹಳೇ ಗುಮಾಸ್ತ

ಅದು ಬೇರೆ, ಇದು ಬೇರೆ. ಹೆಸರು ಹತ್ತಿರ ಹತ್ತಿರ ಇಟ್ಟು ಜನರನ್ನು ಸುಮ್ನೆ ಗೊಂದಲಕ್ಕೆ ದೂಡಿದ್ದಾರೆ.

300 ಬಂದದ್ದು ವಿಂಟರ್ ಫ್ಯುಯೆಲ್ ಪೇಮೆಂಟ್. 1997ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ ಶುರುವಾದದ್ದು. ಪೆನ್ಷನ್ ವಯಸ್ಸು ದಾಟಿದವರ ಮನೆಗೆ 200, ಎಂಬತ್ತು ದಾಟಿದವರಿದ್ದರೆ 300. ಹೊರಗೆ ಬಿಸಿಲಿದ್ದರೂ ಬರುತ್ತದೆ, ಹಿಮ ಬಿದ್ದರೂ ಬರುತ್ತದೆ. 2024ರ ಜುಲೈನಲ್ಲಿ, ಆಗ ಹಣಕಾಸು ಮಂತ್ರಿಯಾಗಿದ್ದ ರೇಚಲ್ ರೀವ್ಸ್ ಅದನ್ನು ಪೆನ್ಷನ್ ಕ್ರೆಡಿಟ್‌ನಂಥ ನೆರವು ಇರುವವರಿಗೆ ಮಾತ್ರ ಅಂತ ಕಡಿತ ಮಾಡಿದರು. ಸುಮಾರು ಒಂದು ಕೋಟಿ ಹಿರಿಯರಿಗೆ ನಿಂತುಹೋಯಿತು. ನಿಮ್ಮ ದೊಡ್ಡಮ್ಮನಿಗೂ ಆ ಚಳಿಗಾಲ ತಪ್ಪಿದ್ದು ಅದಕ್ಕೇ. ಜನ ಬಾಯಿ ಮಾಡಿದರು. ಚುನಾವಣೆಯಲ್ಲೂ ಬಿಸಿ ತಟ್ಟಿತು. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಈಗ ಎಲ್ಲರಿಗೂ ಕೊಟ್ಟು, ವರ್ಷಕ್ಕೆ 35,000 ಪೌಂಡಿಗಿಂತ ಜಾಸ್ತಿ ಆದಾಯ ಇದ್ದವರಿಂದ ತೆರಿಗೆಯಲ್ಲಿ ವಾಪಸ್ ಪಡೆಯುತ್ತಾರೆ.

ಈಗ ನಿಮ್ಮ ಲೆಕ್ಕ. ಒಬ್ಬರೇ ಇರುವವರಿಗೆ ವಾರಕ್ಕೆ 227 ಪೌಂಡ್ 10 ಪೆನ್ಸ್ ಆಗುವಷ್ಟು ಪೆನ್ಷನ್ ಕ್ರೆಡಿಟ್ ತುಂಬಿಕೊಡುತ್ತದೆ (2025-26ರ ದರ). ಉಳಿತಾಯದಲ್ಲಿ ಮೊದಲ 10,000 ಲೆಕ್ಕಕ್ಕಿಲ್ಲ. ಅದರ ಮೇಲಿನ ಪ್ರತಿ 500ಕ್ಕೆ ವಾರಕ್ಕೆ ಒಂದು ಪೌಂಡ್ ಆದಾಯ ಅಂತ ಹಿಡಿಯುತ್ತಾರೆ. ದೊಡ್ಡಮ್ಮನದು 3,000 ಜಾಸ್ತಿ, ಅಂದರೆ 6 ಪೌಂಡ್. 168ಕ್ಕೆ 6 ಸೇರಿ 174. 227.10ರಲ್ಲಿ 174 ಕಳೆದರೆ 53 ಪೌಂಡ್ 10 ಪೆನ್ಸ್.

ವಾರಕ್ಕೆ 53! ನೀವು 25 ಹುಡುಕಿಕೊಂಡು ಬಂದಿರಿ. ಅದರ ಹಿಂದೆ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಮೇಲೆ ಕಳೆದುಕೊಳ್ಳುತ್ತಿದ್ದಾರೆ ಅವರು. ಜೊತೆಗೆ ಪೆನ್ಷನ್ ಕ್ರೆಡಿಟ್ ಇರುವ 75 ದಾಟಿದವರಿಗೆ ಟಿವಿ ಲೈಸೆನ್ಸ್ ಉಚಿತ, ಕೌನ್ಸಿಲ್ ತೆರಿಗೆಯಲ್ಲೂ ಕಡಿತ ಸಿಗಬಹುದು.

ಬಿಸಿ ಕಾಫಿ

ಕ್ಷಮಿಸಿ, ನನ್ನ ಮಾತು ಕಹಿ ಅನಿಸಬಹುದು. ನಾವು ಬೇರೆ ದೇಶಕ್ಕೆ ಬಂದವರು. 13,000 ಬ್ಯಾಂಕಿನಲ್ಲಿಟ್ಟುಕೊಂಡು ಸರ್ಕಾರದ ಮುಂದೆ ಕೈಚಾಚೋದು ಸರಿಯಾ? ದುಡಿಯುವವರ ತೆರಿಗೆ ದುಡ್ಡಲ್ವಾ ಅದು? ಸಾಕುವ ಮಕ್ಕಳು, ನೆಂಟರು ಇದ್ದಾರಲ್ಲ.

ಎರಡು ಸ್ವೆಟರ್

ದೊಡ್ಡಮ್ಮ ಹೇಳೋದೂ ಇದನ್ನೇ. "ಬೇಡೋ ಕೈ ನಂದಲ್ಲ" ಅಂತ. ನಾನು ದುಡ್ಡು ಕಳಿಸಿದರೆ ವಾಪಸ್ ಕಳಿಸುತ್ತಾರೆ.

ಹಳೇ ಗುಮಾಸ್ತ

ಕಾಫಿಯವರೇ, ಅವರಿಬ್ಬರೂ ಆ ಅಂಗಡಿಯಲ್ಲಿ ಬೆಳಿಗ್ಗೆ ಐದಕ್ಕೆ ಪೇಪರ್ ಕಟ್ಟು ಬಿಚ್ಚಿ ಎಷ್ಟು ವರ್ಷ ತೆರಿಗೆ ಕಟ್ಟಿರಬಹುದು? ತೆಗೆದುಕೊಳ್ಳುವಾಗ ಮಾತ್ರ ಅವರು ಹೊರಗಿನವರಾ?

2024ರಲ್ಲಿ ಸರ್ಕಾರವೇ ಹೇಳಿದ ಅಂದಾಜು, ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾಗಿದ್ದೂ ಕೇಳದ ಮನೆಗಳು 8.8 ಲಕ್ಷದವರೆಗೆ ಇವೆ ಅಂತ. ಹೆಚ್ಚಿನವರು ಬಿಳಿ ಅಜ್ಜ ಅಜ್ಜಿಯರೇ. ಅವರಿಗೂ ಇದೇ ಸಂಕೋಚ. ನಾನು ಕೌಂಟರಿನ ಹಿಂದೆ ಕೂತು ಬಹಳ ವರ್ಷ ನೋಡಿದ್ದೇನೆ. ಜೋರು ಮಾಡಿ ಕೇಳುವವರು ಬೇರೆ, ನಿಜಕ್ಕೂ ಬೇಕಿದ್ದು ಬಾಗಿಲಿಂದಲೇ ವಾಪಸ್ ಹೋಗುವವರು ಬೇರೆ.

ಬಿಸಿ ಕಾಫಿ

ಸರಿ ಸರ್. ನಾನು ನೋಡಿದ ಇನ್ನೊಂದು ಥರದವರು ತಲೆಯಲ್ಲಿದ್ದರು. ಈ ಕೇಸು ಬೇರೆ, ಒಪ್ಪಿದೆ.

ಗ್ಲಾಸ್ಗೋ ಗೌಡ

ನಮ್ಮ ಸ್ಕಾಟ್ಲೆಂಡಿನಲ್ಲಿ ಈ ಥರ್ಮಾಮೀಟರ್ ಆಟವೇ ಇಲ್ಲ. 2022-23ರ ಚಳಿಗಾಲದಿಂದ ಕೋಲ್ಡ್ ವೆದರ್ ಪೇಮೆಂಟ್ ತೆಗೆದು ವಿಂಟರ್ ಹೀಟಿಂಗ್ ಪೇಮೆಂಟ್ ಅಂತ ಮಾಡಿದ್ದಾರೆ. ಚಳಿ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಒಂದೇ ಮೊತ್ತ. ಶುರುವಿನಲ್ಲಿ 50 ಇತ್ತು, 2025-26ರಲ್ಲಿ 59 ಪೌಂಡ್ 75 ಪೆನ್ಸ್. ಗ್ಲಾಸ್ಗೋದಲ್ಲಿ ಮಳೆ, ಗಾಳಿ, ತೇವ. ಮೂಳೆ ಕೊರೆಯುತ್ತೆ, ಆದರೆ ಏಳು ದಿನ ಸೊನ್ನೆಗಿಳಿಯೋದು ಅಪರೂಪ. ಹಳೇ ಪದ್ಧತಿಯಲ್ಲಿ ಎಷ್ಟೋ ವರ್ಷ ಸೊನ್ನೆ ಪೌಂಡ್ ಬರುತ್ತಿತ್ತು. ನನಗೆ ಈ ಪದ್ಧತಿಯೇ ವಾಸಿ.

ಹಳೇ ಗುಮಾಸ್ತ

ನಿಮಗೆ ವಾಸಿ ಗೌಡರೇ. ಬ್ರೇಮಾರ್‌ನವರನ್ನು ಕೇಳಿ. ಬ್ರಿಟನ್ನಿನ ಅತಿ ಕಡಿಮೆ ತಾಪಮಾನ, ಮೈನಸ್ 27.2, ದಾಖಲಾದ ಊರು ಅದು. 1895ರಲ್ಲಿ ಒಮ್ಮೆ, 1982ರಲ್ಲಿ ಮತ್ತೊಮ್ಮೆ. ಅಂಥ ಕಡೆ ಜೋರು ಚಳಿಗಾಲದಲ್ಲಿ ಮೂರು ನಾಲ್ಕು ಸಲ 25 ಬಂದರೆ 59.75ಕ್ಕಿಂತ ಜಾಸ್ತಿಯಾಗುತ್ತಿತ್ತು. ಬಯಲಿನವರಿಗೆ ಸಿಕ್ಕಿತು, ಬೆಟ್ಟದವರಿಗೆ ಹೋಯಿತು.

ಗ್ಲಾಸ್ಗೋ ಗೌಡ

ಅದು ನಿಜ. ಆದರೆ ಚಳಿಗಾಲ ಶುರುವಾಗುವ ಮುಂಚೆ ಇಷ್ಟು ಬರುತ್ತೆ ಅಂತ ಗೊತ್ತಿದ್ದರೆ ಬಡವರಿಗೆ ಧೈರ್ಯ ಇರುತ್ತಲ್ವಾ? ಏಳು ದಿನ ನಡುಗಿ ಆಮೇಲೆ ದುಡ್ಡು ಬಂದರೆ ಆ ಏಳು ದಿನ ಸ್ವಿಚ್ ಯಾರು ಒತ್ತುತ್ತಾರೆ?

ಹಳೇ ಗುಮಾಸ್ತ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹೊಸ ಬೆಳಕು

ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೀನಿ. ಎಂಟು ತಿಂಗಳ ಮಗು ಇದೆ. ಐದು ವರ್ಷದೊಳಗಿನ ಮಗು ಇದ್ದರೆ ಚಳಿ ದುಡ್ಡು ಬರುತ್ತೆ ಅಂತ ಗೆಳೆಯ ಹೇಳಿದ. ನಮಗೂ ಬರುತ್ತಾ? ಪ್ರೀಪೇಮೆಂಟ್ ಮೀಟರ್. ಟಾಪಪ್ ಮಾಡಿ ಮಾಡಿ ಸಾಕಾಗಿದೆ.

ರಾತ್ರಿ ಪಾಳಿ

ದಯವಿಟ್ಟು ಅರ್ಜಿ ಹಾಕಲು ಹೋಗಬೇಡಿ. ನಿಮ್ಮ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಅಂತ ಇರುತ್ತೆ, ಅಂದರೆ ಸರ್ಕಾರದ ನೆರವಿನ ದುಡ್ಡು ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಆದಾಯ ಕಡಿಮೆ ಇರುವವರಿಗೆ ಕೊಡುವ ನೆರವು) ಪಡೆದರೆ ವೀಸಾ ಷರತ್ತು ಮುರಿದಂತೆ. ಮುಂದೆ ಪಿಆರ್ ಹೊತ್ತಿಗೆ ಅದೇ ಮುಳ್ಳಾಗುತ್ತೆ. ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸತ್ಯ. ಯೂನಿವರ್ಸಲ್ ಕ್ರೆಡಿಟ್ ಇದ್ದು, ಕೆಲಸ ಇಲ್ಲದೆ, ಐದರೊಳಗಿನ ಮಗು ಇದ್ದರೆ ಬರುತ್ತೆ. ಅಂಗವಿಕಲ ಮಗುವಿಗೆ ಅಂತ ಹೆಚ್ಚುವರಿ ಮೊತ್ತ ಬರುತ್ತಿದ್ದರೆ ಕೆಲಸ ಇದ್ದರೂ ಬರುತ್ತೆ.

ನಿಮಗೆ ಉಳಿಯೋದು ಬೇರೆ ದಾರಿ. ನಿಮ್ಮ ಕರೆಂಟ್ ಗ್ಯಾಸ್ ಕಂಪನಿಗೆ ಫೋನ್ ಮಾಡಿ, ಮನೆಯಲ್ಲಿ ಹಸುಗೂಸು ಇದೆ, ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ಗೆ ಸೇರಿಸಿ ಅನ್ನಿ. ದುಡ್ಡು ಖರ್ಚಿಲ್ಲ, ವೀಸಾ ಕೇಳಲ್ಲ. ಕರೆಂಟ್ ಹೋದಾಗ ಮೊದಲು ನಿಮ್ಮನ್ನು ಗಮನಿಸುತ್ತಾರೆ. ಚಾರಿಟಿಗಳು ಕೊಡುವ ಮೀಟರ್ ವೋಚರ್ ಪಬ್ಲಿಕ್ ಫಂಡ್ ಅಲ್ಲ, ಅದನ್ನು ಕೇಳಬಹುದು. ಕೌನ್ಸಿಲ್‌ನ ತುರ್ತು ನೆರವು ಊರಿಂದ ಊರಿಗೆ ಬೇರೆ, ಅದಕ್ಕೆ ಮುಂಚೆ ವಲಸೆ ಸಲಹೆಗಾರರನ್ನು ಕೇಳಿಕೊಳ್ಳಿ. ಮತ್ತೆ ಲೈಬ್ರರಿ! ನಾನು ಬಂದ ಹೊಸದರಲ್ಲಿ ಮಗಳನ್ನು ಕಟ್ಟಿಕೊಂಡು ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದೆ. ಬೆಚ್ಚಗಿರುತ್ತೆ, ಯಾರೂ ಏನೂ ಅನ್ನಲ್ಲ.

ಹೊಸ ಬೆಳಕು

ಅಕ್ಕ, ದೊಡ್ಡ ಉಪಕಾರ. ಇವತ್ತು ಸಂಜೆ ಫಾರ್ಮ್ ತುಂಬೋನಿದ್ದೆ.

ಮಿನ್ನೆಸೋಟ ಮಾವ

ನಮ್ಮ ಕಡೆ ಮೈನಸ್ 25 ಮಾಮೂಲು. ಇಲ್ಲಿ ಅಮೆರಿಕದಲ್ಲಿ ಲಿಹೀಪ್ ಅಂತ ಯೋಜನೆ ಇದೆ, 1981ರದ್ದು. ಕೇಂದ್ರ ಸರ್ಕಾರ ರಾಜ್ಯಗಳಿಗೆ ದುಡ್ಡು ಕೊಡುತ್ತೆ, ರಾಜ್ಯ ಬಡವರ ಹೀಟಿಂಗ್ ಬಿಲ್ಲಿಗೆ ಕಟ್ಟುತ್ತೆ. ನನಗೆ ಅದಕ್ಕಿಂತ ಹಿಡಿಸೋದು ಇಲ್ಲಿನ ಕೋಲ್ಡ್ ವೆದರ್ ರೂಲ್. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಕಂತು ಒಪ್ಪಂದ ಮಾಡಿಕೊಂಡು ಕಟ್ಟುತ್ತಾ ಹೋದರೆ ಹೀಟಿಂಗ್ ಕಡಿಯುವ ಹಾಗಿಲ್ಲ. ನಿಮ್ಮಲ್ಲಿ ಅಂಥದ್ದು ಇಲ್ಲವಾ?

ಹಳೇ ಗುಮಾಸ್ತ

ಇದೆ ಮಾವ. ಒಂಟಿಯಾಗಿರುವ ಪೆನ್ಷನ್‌ದಾರರ ಸಂಪರ್ಕವನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಾಕಿ ಇದೆ ಅಂತ ಕಡಿಯುವಂತಿಲ್ಲ. ಆದರೆ ದೊಡ್ಡಮ್ಮನಂಥವರು ಬಾಕಿಯನ್ನೇ ಇಡುವುದಿಲ್ಲ. ಬಿಲ್ಲಿಗೆ ಹೆದರಿ ತಾವೇ ಆರಿಸಿ ಕೂರುತ್ತಾರೆ. ಅವರನ್ನು ಯಾವ ನಿಯಮ ಕಾಯುತ್ತೆ?

25 ಪೌಂಡ್ ಎಷ್ಟು ದಿನ ಬರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಗ್ಯಾಸ್ ಯೂನಿಟ್‌ಗೆ ಸುಮಾರು 6 ಪೆನ್ಸ್. ಅಂದರೆ 400 ಯೂನಿಟ್ ಚಿಲ್ಲರೆ. ಹಳೇ ಕಲ್ಲಿನ ಮನೆ, ಗಟ್ಟಿ ಚಳಿ ಅಂದರೆ ದಿನಕ್ಕೆ 80 ಯೂನಿಟ್ ಸುಲಭವಾಗಿ ಕುಡಿಯುತ್ತದೆ. ಐದು ದಿನ. ಎರಡು ದಿನ ಕೈಯಿಂದ. ಕರೆಂಟ್ ಹೀಟರ್ ಆದರೆ ಯೂನಿಟ್‌ಗೆ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ, ಕೇಳುವುದೇ ಬೇಡ. ಈ 25 ಅನ್ನುವ ಅಂಕಿ 2008ರಲ್ಲಿ ಆದದ್ದು, ಅದಕ್ಕೆ ಮುಂಚೆ ಎಂಟೂವರೆ ಪೌಂಡ್ ಇತ್ತು. ಅಲ್ಲಿಂದ ಬೆಲೆಯೆಲ್ಲ ಮೇಲೆ ಹೋಯಿತು, 25 ಮಾತ್ರ ನಿಂತಲ್ಲೇ ನಿಂತಿದೆ.

ಹ್ಯಾರೋ ಅಜ್ಜ

ನನಗೆ ಆದಾಯ 35,000 ದಾಟುತ್ತದೆ. ಆದರೂ 200 ಬಂತು. ಈಗ ತೆರಿಗೆಯಲ್ಲಿ ಪೂರ್ತಿ ವಾಪಸ್ ಪಡೆಯುತ್ತಾರಂತೆ. ಒಂದು ಪೌಂಡ್ ಜಾಸ್ತಿ ಆದರೂ ಅಷ್ಟೂ ಹೋಗುತ್ತದೆ. ಕೊಡುವುದು ಯಾಕೆ, ಕಿತ್ತುಕೊಳ್ಳುವುದು ಯಾಕೆ? ಮೊದಲೇ ಬೇಡ ಅಂತ ಬರೆದುಕೊಡಬಹುದಿತ್ತು, ಮರೆತೆ.

ಇನ್ನೊಂದು ವಿಷಯ. "ಚಳಿ ನೆರವಿಗೆ ಈ ಲಿಂಕ್ ಒತ್ತಿ" ಅಂತ ಮೊಬೈಲಿಗೆ ಮೆಸೇಜು ಬರುತ್ತಿವೆ. ನನ್ನ ಸ್ನೇಹಿತರೊಬ್ಬರು ಒತ್ತಿ ಕಾರ್ಡ್ ನಂಬರ್ ಕೊಟ್ಟುಬಿಟ್ಟರು. ಸರ್ಕಾರ ಮೆಸೇಜಿನಲ್ಲಿ ಬ್ಯಾಂಕ್ ವಿವರ ಕೇಳುವುದಿಲ್ಲ. ದೊಡ್ಡಮ್ಮನಿಗೂ ಹೇಳಿ.

ಎರಡು ಸ್ವೆಟರ್

ಒಂದು ತೊಡಕಿದೆ. ನಿನ್ನೆ ಅರ್ಜಿಯ ಮಾತೆತ್ತಿದಾಗ ದೊಡ್ಡಮ್ಮ ಮೆಲ್ಲಗೆ ಹೇಳಿದರು. ದಾವಣಗೆರೆಯ ತವರು ಮನೆಯಲ್ಲಿ ಅವರ ಹೆಸರಲ್ಲೂ ಪಾಲಿದೆಯಂತೆ. ಅಲ್ಲಿ ಅವರ ತಮ್ಮ ಇದ್ದಾರೆ, 74 ವರ್ಷ. ಬಾಡಿಗೆ ಗೀಡಿಗೆ ಏನೂ ಇಲ್ಲ. ಇದನ್ನು ಹೇಳಬೇಕಾ? ಇಂಡಿಯಾದ ಆಸ್ತಿ ಇವರಿಗೆ ಹೇಗೆ ಗೊತ್ತಾಗುತ್ತೆ ಅಂತ ನಮ್ಮ ಚಿಕ್ಕಪ್ಪ.

ಹಳೇ ಗುಮಾಸ್ತ

ಚಿಕ್ಕಪ್ಪನ ಮಾತು ಕೇಳಬೇಡಿ. ಹೇಳಲೇಬೇಕು. ಹೊರದೇಶದ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕೊಟ್ಟದ್ದನ್ನೆಲ್ಲ ವಾಪಸ್ ಕೇಳುತ್ತಾರೆ. ಆ ವಯಸ್ಸಿನಲ್ಲಿ ಅವರಿಗೆ ಅದು ಬೇಕಾ?

ಹೆದರಲೂ ಬೇಡಿ. ಹತ್ತಿರದ ಸಂಬಂಧಿ, ಅವರೂ ಪೆನ್ಷನ್ ವಯಸ್ಸು ದಾಟಿದವರು, ಆ ಮನೆಯಲ್ಲಿ ವಾಸವಾಗಿದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕುವ ನಿಯಮ ಇದೆ. ತಮ್ಮನಿಗೆ 74 ಅಂದಿರಿ. ಅವರ ವಯಸ್ಸು, ಅಲ್ಲೇ ಇದ್ದಾರೆ ಅನ್ನುವುದು, ಬಾಡಿಗೆ ಇಲ್ಲ ಅನ್ನುವುದು, ಮೂರನ್ನೂ ಬಿಡಿಸಿ ಹೇಳಿ. ತೀರ್ಮಾನ ಅವರು ಮಾಡಲಿ.

ಫೋನಿನಲ್ಲೇ ಅರ್ಜಿ ಹಾಕಬಹುದು. ದೊಡ್ಡಮ್ಮ ಪಕ್ಕದಲ್ಲಿದ್ದು ಹೂಂ ಅಂದರೆ ನೀವೇ ಮಾತಾಡಬಹುದು. ಇಂಗ್ಲಿಷ್ ತಡವರಿಸಿದರೆ ದುಭಾಷಿ ಬೇಕು ಅಂತ ಕೇಳಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಪೆನ್ಷನ್ ಕಾಗದ, ಬ್ಯಾಂಕ್ ಪಾಸ್‌ಬುಕ್ ಮುಂದಿರಲಿ. ಮೂರು ತಿಂಗಳು ಹಿಂದಿನಿಂದ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಆ ಚಳಿಯ ವಾರ ಅದರೊಳಗೆ ಬಿದ್ದರೆ 25ನ್ನೂ ಕೇಳಿ ನೋಡಿ. ಕರೆಂಟ್ ಬಿಲ್ಲಿನಲ್ಲಿ 150 ಕಳೆಯುವ ವಾರ್ಮ್ ಹೋಮ್ ಡಿಸ್ಕೌಂಟ್ ಮಾತ್ರ ಈ ವರ್ಷಕ್ಕೆ ಹೋದಂತೆ. ಅದಕ್ಕೆ ಆಗಸ್ಟ್‌ನಲ್ಲೇ ಒಂದು ದಿನ ಗೊತ್ತುಮಾಡಿರುತ್ತಾರೆ, ಆ ದಿನ ಪೆನ್ಷನ್ ಕ್ರೆಡಿಟ್‌ನಂಥ ನೆರವು ಇರಬೇಕು. ಮುಂದಿನ ವರ್ಷ ತಾನಾಗಿ ಬರಬಹುದು.

ಲೆಸ್ಟರ್ ಸೊಸೆ

ಅನುಭವದ ಮಾತು ಒಂದು. ನಮ್ಮ ಅತ್ತೆ ಪೆನ್ಷನ್ ಕ್ರೆಡಿಟ್ ಇದ್ದಾಗ ಡಿಸೆಂಬರ್‌ನಲ್ಲಿ ಮೂರು ತಿಂಗಳು ಮೈಸೂರಿಗೆ ಹೋದರು. ಇಲ್ಲಿ ಚಳಿ, ಅಲ್ಲಿ ಬೆಚ್ಚಗೆ, ಯಾರು ಬೇಡ ಅಂತಾರೆ? ಹೇಳದೆ ಹೋದರು. ನಾಲ್ಕು ವಾರಕ್ಕಿಂತ ಹೆಚ್ಚು ಹೊರಗಿರುವುದಾದರೆ ಅದು ನಿಲ್ಲುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ವಾಪಸ್ ಬಂದಾಗ ಬಾಗಿಲ ಹಿಂದೆ ಕಾಗದದ ರಾಶಿ. ದುಡ್ಡು ಕಂತಿನಲ್ಲಿ ಕಟ್ಟಿದೆವು. ನಿಮ್ಮ ದೊಡ್ಡಮ್ಮ ಊರಿಗೆ ಹೋಗುವ ಮುಂಚೆ ಫೋನ್ ಮಾಡಿ ಹೇಳಲಿ.

ಬೀದರ್ ಹುಡುಗ

ಇಲ್ಲಿ ನಮಗೆ ಗೃಹಜ್ಯೋತಿ 200 ಯೂನಿಟ್. ಚಳಿಗಾಲದಲ್ಲಿ ಅವ್ವ ಗೀಸರ್ ಹಾಕಂಗಿಲ್ಲ, 200 ದಾಟಿದರೆ ಪೂರ್ತಿ ಬಿಲ್ ಬರುತ್ತೆ ಅಂತ. ಹಿತ್ತಲಲ್ಲಿ ಹಂಡೆಗೆ ಉರಿ ಹಾಕ್ತಾಳೆ. ಕಂಬ್ರಿಯಾ ದೊಡ್ಡಮ್ಮನ ಕತೆ ಓದಿ ಅವಳಿಗೆ ಹೇಳಿದೆ. "ಅಲ್ಲೂ ಹಿಂಗೇನಾ" ಅಂದಳು.

ಎರಡು ಸ್ವೆಟರ್

(ಐದು ವಾರದ ನಂತರ)

ಕೇಳಿದವರಿಗೆಲ್ಲ ಉತ್ತರ ಕೊಡಬೇಕಲ್ಲ, ಬಂದೆ.

ನಾನೇ ರಜೆ ಹಾಕಿ ಹೋಗಿ, ಸ್ಪೀಕರ್ ಹಾಕಿ ಕೂತು ಅರ್ಜಿ ಕೊಟ್ಟೆವು. ತವರು ಮನೆ ವಿಷಯ ಬಂದಾಗ ದೊಡ್ಡಮ್ಮ ಆ ಹುಡುಗಿಗೆ ತಮ್ಮನ ಮಂಡಿನೋವಿನವರೆಗೂ ಹೇಳಿದರು. ಅವಳು ತಾಳ್ಮೆಯಿಂದ ಬರೆದುಕೊಂಡಳು. ಮೊನ್ನೆ ಕಾಗದ ಬಂತು. ವಾರಕ್ಕೆ 53.10. ಗುಮಾಸ್ತ ಸರ್, ಪೆನ್ಸ್ ಕೂಡ ತಪ್ಪಿಲ್ಲ! ಮೂರು ತಿಂಗಳ ಹಿಂಬಾಕಿಯೂ ಬಂತು. ಹಳೇ 25ರ ಬಗ್ಗೆ ಇನ್ನೂ ಉತ್ತರ ಇಲ್ಲ.

ಈಗ ಹೊಸ ಹುಚ್ಚು ಹಿಡಿದಿದೆ ಅವರಿಗೆ. ಹೋದ ವಾರ ಮತ್ತೆ ಚಳಿ ಬಂತು. ದಿನಾ ಬೆಳಿಗ್ಗೆ ಫೋನು, "ಸೊನ್ನೆ ಆಯ್ತಾ ನೋಡೇ" ಅಂತ. ಏಳನೇ ದಿನ ನಾನು ಹಾಕಿದ ಲೆಕ್ಕದಲ್ಲಿ ಸರಾಸರಿ 0.3 ಬಂತು. ಮನೆ ಮುಂದಿನ ಬಕೆಟ್ ನೀರು ಕಲ್ಲಾಗಿದೆ, ಆದರೂ ಆಗಲಿಲ್ಲ. ಇದು ಹೇಗೆ?

ಹಳೇ ಗುಮಾಸ್ತ

ಬಕೆಟ್ ರಾತ್ರಿಯದ್ದು. ಅವರು ದಿನದ ಹೆಚ್ಚಿನದು, ಕಡಿಮೆಯದು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ. ರಾತ್ರಿ ಮೈನಸ್ 4, ಮಧ್ಯಾಹ್ನ 5 ಅಂದರೆ ಅರ್ಧ ಡಿಗ್ರಿ ಮೇಲೆ. ಅದೂ ದೊಡ್ಡಮ್ಮನ ಅಂಗಳದ್ದಲ್ಲ, ಕೇಂದ್ರದ್ದು. ಅದು ತಗ್ಗಿನಲ್ಲಿದ್ದು ನಿಮ್ಮ ಊರು ಎತ್ತರದಲ್ಲಿದ್ದರೆ ನಷ್ಟ ನಿಮಗೇ. 0.3 ಅಂದರೂ ಇಲ್ಲ, 0.1 ಅಂದರೂ ಇಲ್ಲ.

53.10 ಕೇಳಿ ಖುಷಿಯಾಯಿತು. ಹೀಟಿಂಗ್ ಹಾಕುತ್ತಿದ್ದಾರಾ?

ಎರಡು ಸ್ವೆಟರ್

ನಾನು ವಿಡಿಯೋ ಕಾಲ್ ಮಾಡುವ ಹತ್ತು ನಿಮಿಷ ಮುಂಚೆ ಹಾಕುತ್ತಾರೆ ಸರ್. ಪಕ್ಕದ ಮನೆ ಅಜ್ಜಿ ನನಗೆ ಗುಟ್ಟಾಗಿ ಹೇಳಿದ್ದು. ಅದಕ್ಕೆ ಈಗ ಹೊತ್ತಲ್ಲದ ಹೊತ್ತಿಗೆ ಕಾಲ್ ಮಾಡುತ್ತಿದ್ದೇನೆ.